ಹರಕೆಯೂ ಇರಲಿ, ವೈದ್ಯರೂ ಇರಲಿ

ಫೆಬ್ರುವರಿ ಮುಗಿಯುತ್ತ ಬಂತೆಂದರೆ ನಮ್ಮೂರಿನ ಗಣಪತಿ ದೇವಸ್ಥಾನದಲ್ಲಿ ಜನ ಹೆಚ್ಚುತ್ತಾರೆ. ಬೆಳಿಗ್ಗೆ ಏಳಕ್ಕೇ ಸಮವಸ್ತ್ರ ತೊಟ್ಟ ಮಕ್ಕಳ ಸಾಲು. ಕೆಲವರ ಕೈಯಲ್ಲಿ ಹಾಲ್ ಟಿಕೆಟ್, ಕೆಲವರ ಕೈಯಲ್ಲಿ ಹೊಸ ಪೆನ್ನು. ಅರ್ಚಕರು ಅವನ್ನೆಲ್ಲ ತಟ್ಟೆಯಲ್ಲಿ ಇಸಿದುಕೊಂಡು, ದೇವರ ಮುಂದಿಟ್ಟು, ಕುಂಕುಮ ಹಚ್ಚಿ ಹಿಂದಕ್ಕೆ ಕೊಡುತ್ತಾರೆ. ಪಕ್ಕದ ಬೀದಿಯ ದರ್ಗಾದಲ್ಲಿ ಮಕ್ಕಳ ತಾಯಂದಿರು ಸಕ್ಕರೆ ಓದಿಸಿಕೊಂಡು ಹೋಗುತ್ತಾರೆ. ಚರ್ಚಿನಲ್ಲಿ ಮೇಣದ ಬತ್ತಿಗಳು ಉರಿಯುತ್ತವೆ.

ಇದರಿಂದ ಅಂಕ ಬರುತ್ತದೆಯೇ ಎಂದು ನಗುವವರಿದ್ದಾರೆ. ಆದರೆ ಕುಂಕುಮ ಹಚ್ಚಿದ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿಯುವ ಹುಡುಗನ ಮುಖವನ್ನೊಮ್ಮೆ ನೋಡಿ. ಬರುವಾಗ ಇದ್ದ ಗಾಬರಿ ಹೋಗುವಾಗ ಅಷ್ಟಿರುವುದಿಲ್ಲ. ಅಂಕದ ಮಾತು ಬೇರೆ, ಎದೆಯ ಡವಡವ ಇಳಿದದ್ದಂತೂ ನಿಜ.

ಪ್ರಶ್ನೆ ಏಳುವುದು ಆಮೇಲೆ. ಮಗು ರಾತ್ರಿ ನಿದ್ದೆ ಮಾಡುತ್ತಿಲ್ಲ, ಊಟ ಸೇರುತ್ತಿಲ್ಲ, ಪುಸ್ತಕ ಮುಂದಿಟ್ಟುಕೊಂಡು ಸುಮ್ಮನೆ ಅಳುತ್ತದೆ ಅಥವಾ ಯಾರೂ ಇಲ್ಲದ ಕಡೆ ಯಾರೋ ಕರೆದರು ಎನ್ನುತ್ತದೆ. ಆಗ ನಾವು ಯಾವ ಬಾಗಿಲು ತಟ್ಟಬೇಕು? ದೇವಸ್ಥಾನದ್ದೋ, ಆಸ್ಪತ್ರೆಯದ್ದೋ? ಮೂವತ್ತು ವರ್ಷ ಪಾಠ ಹೇಳಿದ ನನಗೆ ತಂದೆ ತಾಯಂದಿರು ಕೇಳಿದ ಪ್ರಶ್ನೆಗಳಲ್ಲಿ ಇದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ.

ದೇವರ ಮನೆಯಿಂದ ಹೊರಬಾರದ ಹುಡುಗಿ

ಕೆಲವು ವರ್ಷಗಳ ಹಿಂದಿನ ಮಾತು. ದ್ವಿತೀಯ ಪಿಯುಸಿಯಲ್ಲಿದ್ದ ಹುಡುಗಿಯೊಬ್ಬಳು ತರಗತಿಗೆ ತಡವಾಗಿ ಬರತೊಡಗಿದಳು. ಬರಬರುತ್ತ ಬಾರದೆಯೇ ಇರತೊಡಗಿದಳು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದ ಮಗು. (ಗುರುತು ಸಿಗದಿರಲೆಂದು ಒಂದೆರಡು ವಿವರ ಬದಲಿಸಿದ್ದೇನೆ.) ಕೊನೆಗೆ ತಾಯಿಯೇ ಕಾಲೇಜಿಗೆ ಬಂದರು. "ಏನು ಹೇಳೋದು ಮೇಷ್ಟ್ರೇ, ನಮ್ಮ ಹುಡುಗಿ ದೇವರ ಮನೆಯಿಂದ ಹೊರಗೇ ಬರ್ತಿಲ್ಲ. ಮೊದಮೊದಲು ನಮಗೂ ಸಂತೋಷವೇ ಆಗಿತ್ತು. ಈಗ ಭಯ ಆಗ್ತಿದೆ" ಎಂದರು.

ಆದದ್ದಿಷ್ಟು. ಹುಡುಗಿ ಬೆಳಿಗ್ಗೆ ಸ್ನಾನ ಮಾಡಿ ಶ್ಲೋಕ ಹೇಳಲು ಕೂರುತ್ತಾಳೆ. ನಡುವೆ ಯಾವುದೋ ಕೆಟ್ಟ ಯೋಚನೆ, ದೇವರ ಬಗ್ಗೆಯೇ ಬಾರದ ಮಾತು, ತಾನಾಗಿ ಮನಸ್ಸಿಗೆ ನುಗ್ಗುತ್ತದೆ. ಶ್ಲೋಕ ಮೈಲಿಗೆಯಾಯಿತೆಂದು ಮೊದಲಿನಿಂದ ಹೇಳುತ್ತಾಳೆ. ಮತ್ತೆ ಯೋಚನೆ ಬರುತ್ತದೆ, ಎದ್ದು ಕೈಕಾಲು ತೊಳೆದು ಮತ್ತೆ ಮೊದಲಿನಿಂದ. ಹೀಗೆ ನಾಲ್ಕು ಗಂಟೆ. ನಡುನಡುವೆ ತಾಯಿಯನ್ನು ಕರೆದು, "ಅಮ್ಮಾ, ನಾನು ತಪ್ಪು ಮಾಡಿದೆನಾ? ಅಪ್ಪಂಗೆ ಏನೂ ಆಗಲ್ಲ ಅಲ್ವಾ?" ಎಂದು ಕೇಳುತ್ತಾಳೆ. ತಾಯಿ "ಏನೂ ಆಗಲ್ಲ ಪುಟ್ಟಿ" ಎನ್ನುತ್ತಾರೆ. ಹತ್ತು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ.

ಮೊದಲು ಅಜ್ಜಿ ಮೊಮ್ಮಗಳ ಭಕ್ತಿಯನ್ನು ನೆಂಟರಿಷ್ಟರಲ್ಲಿ ಹೇಳಿಕೊಂಡರು. ಆಮೇಲೆ ಯಾರೋ ಮನೆ ದೇವರ ಸಿಟ್ಟು ಎಂದರು, ಶಾಂತಿ ಮಾಡಿಸಿದ್ದಾಯಿತು. ಇನ್ಯಾರೋ ಓದುವುದಕ್ಕೆ ಸೋಮಾರಿತನ, ಬರೀ ನಾಟಕ ಎಂದರು, ಗದರಿಸಿದ್ದೂ ಆಯಿತು. ಹುಡುಗಿ ಸೊರಗಿದಳೇ ಹೊರತು ದೇವರ ಮನೆ ಬಿಡಲಿಲ್ಲ.

ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋಗಿ ಎಂದು ಮೊದಲು ಹೇಳಿದವರು ಯಾರೆಂದುಕೊಂಡಿರಿ? ನಾನಲ್ಲ. ಅವರ ಬೀದಿಯ ದೇವಸ್ಥಾನದ ವೃದ್ಧ ಅರ್ಚಕರು. "ಅಮ್ಮಾ, ಭಕ್ತಿ ಮಾಡಿದವರಿಗೆ ನೆಮ್ಮದಿ ಬರಬೇಕು. ಈ ಮಗುವಿನ ಮುಖದಲ್ಲಿ ನೆಮ್ಮದಿ ಎಲ್ಲಿದೆ? ದೇವರು ತಪ್ಪು ಲೆಕ್ಕ ಹಾಕುತ್ತ ಕೂತಿಲ್ಲ. ಡಾಕ್ಟರಿಗೆ ತೋರಿಸಿ" ಎಂದರಂತೆ. ಶಾಸ್ತ್ರ ಬಲ್ಲವರೇ ಹೇಳಿದ್ದರಿಂದ ಅಜ್ಜಿಯೂ ಒಪ್ಪಿದರು.

ಭಕ್ತಿಯೋ, ಗೀಳೋ?

ವೈದ್ಯರು ಇದನ್ನು ಗೀಳು ಕಾಯಿಲೆ ಎನ್ನುತ್ತಾರೆ. ಬೇಡವೆಂದರೂ ಮತ್ತೆ ಮತ್ತೆ ನುಗ್ಗುವ ಯೋಚನೆ, ಅದು ಹುಟ್ಟಿಸುವ ಭಯ, ಆ ಭಯ ಕಳೆಯಲು ಮಾಡಿದ್ದನ್ನೇ ಮಾಡುವ ಒತ್ತಡ. ಇದು ಹರೆಯದಲ್ಲಿ ತಲೆದೋರುವುದು ಸಾಮಾನ್ಯ. ಕೆಲವರಲ್ಲಿ ಕೊಳೆಯ ಭಯವಾಗಿ, ಕೆಲವರಲ್ಲಿ ಬೀಗ ಹಾಕಿದೆನೋ ಇಲ್ಲವೋ ಎಂಬ ಅನುಮಾನವಾಗಿ ಬರುತ್ತದೆ. ಧಾರ್ಮಿಕ ಮನೆಯಲ್ಲಿ ಬೆಳೆದ ಮಕ್ಕಳಲ್ಲಿ ಪಾಪದ ಭಯವಾಗಿ, ಮಡಿ ಮೈಲಿಗೆಯಾಗಿ ಬರುವುದುಂಟು. ಕಾಯಿಲೆ ಧರ್ಮದಿಂದ ಹುಟ್ಟಿತು ಎಂದಲ್ಲ. ಮನಸ್ಸಿಗೆ ಯಾವುದು ಅತ್ಯಂತ ಪ್ರಿಯವೋ, ಯಾವುದರ ಬಗ್ಗೆ ಭಯಭಕ್ತಿಯೋ, ಅದನ್ನೇ ಈ ಕಾಯಿಲೆ ಹಿಡಿದುಕೊಳ್ಳುತ್ತದೆ.

ಇದು ಹೊಸದೂ ಅಲ್ಲ, ನಮ್ಮ ದೇಶದ್ದು ಮಾತ್ರವೂ ಅಲ್ಲ. ಜೆಸ್ಯೂಟ್ ಸಂಘವನ್ನು ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ 1522ರಲ್ಲಿ ಸ್ಪೇನಿನ ಮನ್ರೇಸಾ ಎಂಬ ಊರಿನಲ್ಲಿದ್ದಾಗ, ಹೇಳಿಕೊಂಡ ಪಾಪವನ್ನೇ ಮತ್ತೆ ಮತ್ತೆ ಹೇಳಿಕೊಂಡರೂ ಸಮಾಧಾನವಾಗದೆ ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋಗಿದ್ದರೆಂದು ಅವರ ಆತ್ಮಕಥನವೇ ಹೇಳುತ್ತದೆ. ಅಂಥ ಸಂತರನ್ನೂ ಕಾಡಿದ್ದು ಹದಿನೇಳರ ಹುಡುಗಿಯನ್ನು ಕಾಡಿದರೆ ಅದು ಅವಳ ದೋಷ ಹೇಗಾದೀತು?

ಹಾಗಾದರೆ ಭಕ್ತಿಗೂ ಗೀಳಿಗೂ ವ್ಯತ್ಯಾಸ ತಿಳಿಯುವುದು ಹೇಗೆ? ಗಂಟೆ ಎಣಿಸಿ ಅಲ್ಲ. ಮೂರು ಗಂಟೆ ಪೂಜೆ ಮಾಡಿ ಹಗುರಾಗಿ ಎದ್ದು ಮನೆಗೆಲಸಕ್ಕೆ ತೊಡಗುವ ಅಜ್ಜಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಭಕ್ತಿ ಮುಗಿದಾಗ ಮನಸ್ಸು ಹಗುರಾಗುತ್ತದೆ. ಗೀಳಿಗೆ ಮುಗಿಯುವುದೇ ಗೊತ್ತಿಲ್ಲ. ಭಕ್ತಿಯಲ್ಲಿ ಒಂದು ದಿನ ಪೂಜೆ ತಪ್ಪಿದರೆ ಬೇಸರವಾದೀತು. ಗೀಳಿನಲ್ಲಿ ಒಂದು ಅಕ್ಷರ ತಪ್ಪಿದರೂ ಆಕಾಶ ಕಳಚಿ ಬೀಳುತ್ತದೆ.

ಗುಡಿಯಲ್ಲಿ ಗುಣವಾದವರು

ಇಷ್ಟು ಕೇಳಿ, ಹಾಗಾದರೆ ಧರ್ಮವೇ ಮನಸ್ಸಿಗೆ ಕೇಡು ಎಂದು ಹೊರಡುವುದು ಬೇಡ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರೇ ನಡೆಸಿದ ಒಂದು ಅಧ್ಯಯನವನ್ನು ನೋಡಿ.

ತಮಿಳುನಾಡಿನಲ್ಲಿ ಮುತ್ತುಸ್ವಾಮಿ ಎಂಬವರ ಹೆಸರಿನ ಒಂದು ಗುಡಿ. ಮಾನಸಿಕ ತೊಂದರೆಯವರನ್ನು ಮನೆಯವರು ಅಲ್ಲಿಗೆ ಕರೆತಂದು, ಜತೆಯಲ್ಲೇ ಉಳಿದು, ಕೆಲವು ವಾರ ಇರಿಸಿಕೊಳ್ಳುತ್ತಿದ್ದರು. ಡಾ. ಆರ್. ರಘುರಾಮ್ ಮತ್ತು ಸಂಗಡಿಗರು 2000ದಲ್ಲಿ ಅಲ್ಲಿಗೆ ಬಂದ 31 ಮಂದಿಯನ್ನು ಗಮನಿಸಿದರು. ಅವರಲ್ಲಿ ಬಹುಪಾಲು ಜನರದು ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆ. ಸರಾಸರಿ ಆರು ವಾರ ಅಲ್ಲಿದ್ದು ಹೊರಡುವ ಹೊತ್ತಿಗೆ, ರೋಗಲಕ್ಷಣಗಳನ್ನು ಅಳೆಯುವ ಮಾನದಲ್ಲಿ ಸುಮಾರು ಶೇ 19ರಷ್ಟು ಇಳಿಕೆ ಕಂಡಿತು. ಕೆಲವು ಔಷಧಿಗಳಿಂದ ಆಗುವ ಸುಧಾರಣೆಗೆ ಇದು ಸಮ ಎಂದು ಅವರು 2002ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು.

ಅಲ್ಲಿ ನಡೆಯುತ್ತಿದ್ದುದಾದರೂ ಏನು? ಬೆಳಿಗ್ಗೆ ಕಾಲು ಗಂಟೆಯ ಪೂಜೆ, ತೀರ್ಥ, ವಿಭೂತಿ. ಮಿಕ್ಕ ಹೊತ್ತು ಗುಡಿಯ ಅಂಗಳ ಗುಡಿಸುವುದು, ಗಿಡಗಳಿಗೆ ನೀರು ಹಾಕುವುದು. ಹೊಡೆತವಿಲ್ಲ, ಬಡಿತವಿಲ್ಲ, ದೆವ್ವ ಬಿಡಿಸುವ ಆರ್ಭಟವಿಲ್ಲ, ಹುಚ್ಚರೆಂಬ ಹೀನಾಯವಿಲ್ಲ. ಹಣವನ್ನೂ ಕೇಳುತ್ತಿರಲಿಲ್ಲ. ಗುಣಕ್ಕೆ ಕಾರಣ ಈ ಆಸರೆಯ ವಾತಾವರಣವೇ ಎಂದು ವೈದ್ಯರು ಭಾವಿಸಿದರು.

ಈ ಅಧ್ಯಯನವನ್ನು ಹಿಡಿದು, ಗುಳಿಗೆ ಬಿಟ್ಟು ಗುಡಿಗೆ ಹೋಗಿ ಎನ್ನುವಂತಿಲ್ಲ. 31 ಮಂದಿ ಎಂಬುದು ಸಣ್ಣ ಸಂಖ್ಯೆ. ಗುಡಿಗೆ ಹೋಗದ ಇನ್ನೊಂದು ಗುಂಪಿನೊಡನೆ ಅವರನ್ನು ಹೋಲಿಸಿಯೂ ಇರಲಿಲ್ಲ. ಆದರೂ ಮನೆಯವರು ಕಲಿಯಬೇಕಾದ ಪಾಠ ಇಲ್ಲಿದೆ. ನರಳುವ ಮನಸ್ಸಿಗೆ ಜತೆಗಾರರು, ದಿನಚರಿ, ಕೈಗೊಂದು ಕೆಲಸ ಮತ್ತು ಗೌರವ, ಈ ನಾಲ್ಕೂ ಮದ್ದೇ. ಇವನ್ನು ಕೊಡಲು ದೇವಸ್ಥಾನವೇ ಆಗಬೇಕೆಂದಿಲ್ಲ, ನಮ್ಮ ಮನೆಯೂ ಕೊಡಬಹುದು.

ಸರಪಳಿಯ ಇನ್ನೊಂದು ಕಥೆ

ಅದೇ ತಮಿಳುನಾಡಿನಲ್ಲಿ, ಮರುವರ್ಷ ನಡೆದದ್ದು ಇದಕ್ಕೆ ತೀರ ವಿರುದ್ಧ. ರಾಮನಾಥಪುರಂ ಜಿಲ್ಲೆಯ ಎರ್ವಾಡಿ ದರ್ಗಾಕ್ಕೆ ಎಲ್ಲ ಧರ್ಮದವರೂ ಮಾನಸಿಕ ರೋಗಿಗಳನ್ನು ಕರೆದುಕೊಂಡು ಹೋಗುತ್ತಿದ್ದರು. ಅದರ ಸುತ್ತ ಖಾಸಗಿಯವರು ನಡೆಸುತ್ತಿದ್ದ ಆಶ್ರಯ ಮನೆಗಳು ಹುಟ್ಟಿಕೊಂಡಿದ್ದವು. ರೋಗಿಗಳನ್ನು ಅಲ್ಲಿ ಸರಪಳಿಯಲ್ಲಿ ಕಟ್ಟಿಹಾಕುತ್ತಿದ್ದರು. 2001ರ ಆಗಸ್ಟ್ 6ರ ನಸುಕಿನಲ್ಲಿ ಅಂಥ ಒಂದು ಮನೆಗೆ ಬೆಂಕಿ ಬಿತ್ತು. ಕಟ್ಟಿಹಾಕಿದ್ದವರು ಓಡುವುದೆಲ್ಲಿಗೆ? 28 ಮಂದಿ ಪ್ರಾಣ ಬಿಟ್ಟರು.

ಸುಪ್ರೀಂ ಕೋರ್ಟ್ ಈ ವಿಷಯವನ್ನು ತಾನಾಗಿ ಕೈಗೆತ್ತಿಕೊಂಡಿತು. ಈಗ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಮಿನ ಪ್ರಕಾರ ಮಾನಸಿಕ ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ನಮ್ಮ ರಾಜ್ಯದ್ದೇ ಆದ 2017ರ ಅಮಾನವೀಯ ದುಷ್ಟ ಪದ್ಧತಿಗಳ ನಿರ್ಮೂಲನೆಯ ಕಾಯ್ದೆಯೂ ಇದೆ. ಅದು 2020ರಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಿಂಸಿಸುವುದು ಅದರಂತೆ ಅಪರಾಧ.

ಎರ್ವಾಡಿಯ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಭಕ್ತರು ಬರುವುದನ್ನು ತಡೆಯುವ ಬದಲು ವೈದ್ಯರನ್ನೇ ಅಲ್ಲಿಗೆ ಕಳಿಸಿದರೆ ಹೇಗೆ ಎಂಬ ಯೋಚನೆ ಹುಟ್ಟಿತು. ಗುಜರಾತಿನ ಮೆಹಸಾಣಾ ಜಿಲ್ಲೆಯ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದಲ್ಲಿ 2008ರ ಸುಮಾರಿಗೆ 'ದವಾ ಮತ್ತು ದುವಾ', ಅಂದರೆ ಮದ್ದು ಮತ್ತು ಪ್ರಾರ್ಥನೆ, ಎಂಬ ಕಾರ್ಯಕ್ರಮ ಶುರುವಾಯಿತು. ಪ್ರಾರ್ಥನೆ ಮಾಡಿಸುವವರೇ ರೋಗಿಯನ್ನು ಪಕ್ಕದ ಚಿಕಿತ್ಸಾ ಕೋಣೆಗೆ ಕಳಿಸುತ್ತಾರೆ. ಆಮೇಲೆ ಎರ್ವಾಡಿಯಲ್ಲೂ ಇಂಥದೇ ವ್ಯವಸ್ಥೆ ಬಂತು. ನಮ್ಮ ಹುಡುಗಿಯ ಬೀದಿಯ ಅರ್ಚಕರು ಯಾವ ಯೋಜನೆಯೂ ಇಲ್ಲದೆ ಮಾಡಿದ್ದು ಇದನ್ನೇ ಅಲ್ಲವೇ?

ಮೈಮೇಲೆ ಬರುವುದು

ಇಲ್ಲೊಂದು ಸೂಕ್ಷ್ಮವಿದೆ. ಕರಾವಳಿಯ ಕೋಲದಲ್ಲಿ ಪಾತ್ರಿಯ ಮೇಲೆ ದೈವ ಬರುತ್ತದೆ. ಊರ ಜಾತ್ರೆಯಲ್ಲಿ ದೇವಿ ಮೈತುಂಬುತ್ತಾಳೆ. ಇದೆಲ್ಲ ಕಾಯಿಲೆಯೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಅಲ್ಲ. ವೈದ್ಯರು ಅನುಸರಿಸುವ ಅಂತರರಾಷ್ಟ್ರೀಯ ರೋಗ ವರ್ಗೀಕರಣವೇ ಈ ಗೆರೆಯನ್ನು ಎಳೆದಿದೆ. ಒಂದು ಸಮಾಜ ಒಪ್ಪಿದ ಆಚರಣೆಯೊಳಗೆ ಬಂದು, ಆಚರಣೆಯೊಂದಿಗೇ ಮುಗಿಯುವ ಆವೇಶ ರೋಗವಲ್ಲ. ಬೇಡವೆಂದರೂ, ಹೊತ್ತುಗೊತ್ತಿಲ್ಲದೆ, ಅಡುಗೆ ಮನೆಯಲ್ಲೋ ತರಗತಿಯಲ್ಲೋ ಮೈಮೇಲೆ ಬಂದು ಬದುಕನ್ನು ಕೆಡಿಸುವುದಾದರೆ ಆಗ ಚಿಕಿತ್ಸೆಯ ಮಾತು.

ಹೊಸ ಸೊಸೆಯ ಮೈಮೇಲೆ, ಪರೀಕ್ಷೆಗೆ ಕೂತ ಹುಡುಗಿಯ ಮೈಮೇಲೆ 'ಗಾಳಿ' ಬಂದಿತೆಂದರೆ ಅದನ್ನು ನಾಟಕ ಎನ್ನಬಾರದು. ಬಾಯಿಬಿಟ್ಟು ಹೇಳಲಾಗದ ಸಂಕಟ ಕೆಲವೊಮ್ಮೆ ಹೀಗೆ ಹೊರಬರುತ್ತದೆ. ಗಾಳಿ ಬಿಡಿಸುವವರನ್ನು ಹುಡುಕುವ ಮೊದಲು ಆ ಹುಡುಗಿಯ ಪಕ್ಕದಲ್ಲಿ ಕೂತು, "ಏನವ್ವಾ ನಿನ್ನ ಕಷ್ಟ?" ಎಂದು ಕೇಳಿದವರು ಎಷ್ಟು ಮಂದಿ?

ದೇವರು ಆಸರೆಯೋ, ಶಿಕ್ಷಕನೋ?

ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪರ್ಗಮೆಂಟ್ ಕಷ್ಟಕಾಲದಲ್ಲಿ ಜನ ಧರ್ಮವನ್ನು ಹೇಗೆ ಬಳಸುತ್ತಾರೆ ಎಂಬುದನ್ನು ದೀರ್ಘಕಾಲ ಅಭ್ಯಾಸ ಮಾಡಿದವರು. ಅವರ ಪ್ರಕಾರ ಇದರಲ್ಲಿ ಎರಡು ದಾರಿ. ದೇವರು ನನ್ನ ಜತೆಗಿದ್ದಾನೆ, ನನ್ನವರು ನನಗಾಗಿ ಪ್ರಾರ್ಥಿಸುತ್ತಿದ್ದಾರೆ ಎಂಬುದು ಒಂದು. ದೇವರು ನನ್ನನ್ನು ಕೈಬಿಟ್ಟ, ಇದು ನನ್ನ ಪಾಪಕ್ಕೆ ಶಿಕ್ಷೆ ಎಂಬುದು ಇನ್ನೊಂದು. ಆಸ್ಪತ್ರೆಗೆ ಸೇರಿದ್ದ ಸುಮಾರು 600 ಮಂದಿ ಹಿರಿಯರನ್ನು ಎರಡು ವರ್ಷ ಗಮನಿಸಿ ಅವರೂ ಸಂಗಡಿಗರೂ 2001ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಎರಡನೆಯ ಬಗೆಯ ಕೊರಗಿದ್ದವರಲ್ಲಿ ಸಾವಿನ ಸಂಭವ ಹೆಚ್ಚಿತ್ತು.

ನಂಬಿಕೆ ಒಂದೇ. ಒಬ್ಬರಿಗೆ ಅದು ಊರುಗೋಲು, ಇನ್ನೊಬ್ಬರಿಗೆ ಬೆನ್ನ ಮೇಲಿನ ಕಲ್ಲು. ಮಕ್ಕಳ ಪಾಲಿಗೆ ಅದು ಊರುಗೋಲಾಗುವುದೋ ಕಲ್ಲಾಗುವುದೋ ಎಂಬುದು ಬಹಳಮಟ್ಟಿಗೆ ಮನೆಯ ಹಿರಿಯರ ಬಾಯಲ್ಲಿದೆ. "ನಿನ್ನ ಪ್ರಯತ್ನ ನೀನು ಮಾಡು, ಮಿಕ್ಕದ್ದು ಅವನಿಗೆ ಬಿಡು" ಎಂದರೆ ಮಗುವಿನ ಹೆಗಲು ಹಗುರಾಗುತ್ತದೆ. "ನಿನಗೋಸ್ಕರ ತಿರುಪತಿಗೆ ಹರಕೆ ಹೊತ್ತಿದ್ದೇನೆ, ನನ್ನ ಮರ್ಯಾದೆ ಕಳೀಬೇಡ" ಎಂದರೆ ಅಂಕದ ಭಾರದ ಮೇಲೆ ದೇವರ ಭಾರವೂ ಸೇರುತ್ತದೆ. "ಭಕ್ತಿ ಇದ್ದಿದ್ದರೆ ನಿನಗೆ ಹೀಗಾಗುತ್ತಿತ್ತೇ?" ಎಂಬ ಮಾತನ್ನಂತೂ ಖಿನ್ನತೆಯಲ್ಲಿರುವ ಮಗುವಿಗೆ ಎಂದೂ ಆಡಬಾರದು. ಖಿನ್ನತೆಯ ಲಕ್ಷಣವೇ ತನ್ನನ್ನು ತಾನು ಹಳಿದುಕೊಳ್ಳುವುದು. ಅದಕ್ಕೆ ದೇವರ ಸಾಕ್ಷಿಯನ್ನೂ ನಾವೇ ಒದಗಿಸಿಕೊಟ್ಟಂತಾಗುತ್ತದೆ.

ಧ್ಯಾನ, ಯೋಗಗಳ ವಿಷಯವೂ ಅಷ್ಟೇ. ಅವು ಮನಸ್ಸಿನ ಒತ್ತಡ ಇಳಿಸುತ್ತವೆ ಎಂಬುದಕ್ಕೆ ಸಾಕಷ್ಟು ಆಧಾರವಿದೆ. ನಿಮ್ಹಾನ್ಸ್‌ನಲ್ಲೇ ಯೋಗವನ್ನು ಚಿಕಿತ್ಸೆಯ ಜತೆಗೆ ಬಳಸುವ ವಿಭಾಗವಿದೆ. ಜತೆಗೆ ಎಂಬ ಮಾತನ್ನು ಗಮನಿಸಿ. ಹಾಸಿಗೆಯಿಂದ ಏಳಲಾಗದಷ್ಟು ಖಿನ್ನನಾದ ಹುಡುಗನಿಗೆ "ಧ್ಯಾನ ಮಾಡು, ಸರಿಹೋಗುತ್ತೆ" ಎಂದು ಹೇಳಿ ಕೈತೊಳೆದುಕೊಂಡರೆ, ಅದೂ ಆಗಲಿಲ್ಲವೆಂಬ ಕೊರಗು ಸೇರಿಕೊಳ್ಳುತ್ತದೆ. ಇಲ್ಲದ ದನಿಗಳು ಕೇಳಿಸುವವರನ್ನು ವೈದ್ಯರ ಸಲಹೆಯಿಲ್ಲದೆ ದಿನಗಟ್ಟಲೆ ಮೌನದ ಶಿಬಿರಗಳಿಗೆ ಕಳಿಸುವುದು ಅಪಾಯಕರವೂ ಆಗಬಹುದು.

ತಡವಾದಷ್ಟೂ ಕಷ್ಟ

ನಿಮ್ಹಾನ್ಸ್ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನ ಮಕ್ಕಳಲ್ಲಿ ಸುಮಾರು ಶೇ 7 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತು. ಎಪ್ಪತ್ತು ಮಕ್ಕಳ ತರಗತಿಯಲ್ಲಿ ಇದು ಐದು ಮಕ್ಕಳ ಲೆಕ್ಕ. ದೊಡ್ಡವರ ವಿಷಯದಲ್ಲಿ, ತೊಂದರೆ ಇದ್ದೂ ಚಿಕಿತ್ಸೆ ಸಿಗದವರ ಪ್ರಮಾಣವೇ ಶೇ 70ಕ್ಕಿಂತ ಹೆಚ್ಚು.

ಚಿಕಿತ್ಸೆ ದೂರದ ಮಾತೇನಲ್ಲ. ಜಿಲ್ಲಾ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಸಿಗಬೇಕೆಂಬ ಪ್ರಯೋಗವನ್ನು ನಿಮ್ಹಾನ್ಸ್ ನಡೆಸಿದ್ದು 1980ರ ದಶಕದಲ್ಲಿ, ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಇಂದು ಜಿಲ್ಲಾ ಆಸ್ಪತ್ರೆಗೆ ಹೋದರೆ ಮನೋವೈದ್ಯರನ್ನು ಕಾಣಬಹುದು. ಅಲ್ಲಿಗೆ ಹೋಗಲೂ ಸಂಕೋಚವಾದರೆ 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿ ಇದೆ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಕಾಸಿಲ್ಲದೆ, ಕನ್ನಡದಲ್ಲೇ ಮಾತನಾಡಬಹುದು.

ಆ ಹುಡುಗಿಯ ವಿಷಯ ಏನಾಯಿತೆಂದು ಕೇಳುತ್ತೀರಿ. ವೈದ್ಯರು ಪೂಜೆ ಬಿಡು ಎನ್ನಲಿಲ್ಲ. ಮಾತ್ರೆ ಬರೆದುಕೊಟ್ಟರು. ಕೆಲಸ ಮಾಡಲು ಕೆಲವು ವಾರ ಬೇಕು, ಅವಸರ ಬೇಡ ಎಂದರು. ಜತೆಗೆ ಒಂದು ಅಭ್ಯಾಸ ಹೇಳಿಕೊಟ್ಟರು. ಸಂಜೆ ಒಂದೇ ಸಲ ದೀಪ ಹಚ್ಚಬೇಕು, ಒಂದೇ ಸಲ ಶ್ಲೋಕ ಹೇಳಬೇಕು, ನಡುವೆ ಎಂಥ ಯೋಚನೆ ಬಂದರೂ ಹಿಂದಕ್ಕೆ ಹೋಗದೆ ಮುಗಿಸಿ ಎದ್ದುಬಿಡಬೇಕು. ಭಯ ಏರುತ್ತದೆ, ಏರಲಿ, ತಾನಾಗಿ ಇಳಿಯುತ್ತದೆ. "ತಪ್ಪಾಯಿತಾ?" ಎಂದು ಕೇಳಿದರೆ ತಾಯಿ ಸಮಾಧಾನ ಹೇಳಬಾರದು, "ಇದು ಕಾಯಿಲೆ ಕೇಳುತ್ತಿರುವ ಪ್ರಶ್ನೆ ಪುಟ್ಟಿ" ಎಂದಷ್ಟೇ ಹೇಳಬೇಕು. ಮೊದಲ ಹದಿನೈದು ದಿನ ಮಗಳಿಗಿಂತ ತಾಯಿಗೇ ಕಷ್ಟವಾಯಿತಂತೆ.

ಆ ವರ್ಷದ ಪರೀಕ್ಷೆ ತಪ್ಪಿತು. ಮರುವರ್ಷ ಬರೆದಳು, ಪಾಸಾದಳು, ಮುಂದೆ ಓದಿದಳು. ಗೀಳು ಪೂರ್ತಿ ಹೋಯಿತೆಂದು ಹೇಳಲಾರೆ. ಒತ್ತಡದ ದಿನಗಳಲ್ಲಿ ತಲೆಯೆತ್ತುತ್ತದಂತೆ, ಈಗ ಅವಳಿಗೆ ಅದರ ಗುರುತು ಸಿಗುತ್ತದೆ. ಹೋದ ವರ್ಷ ದೇವಸ್ಥಾನದ ಜಗಲಿಯ ಮೇಲೆ ಸಿಕ್ಕಳು. ಒಂದು ಪ್ರದಕ್ಷಿಣೆ ಹಾಕಿ ಬಂದು ಪಕ್ಕದಲ್ಲಿ ಕೂತಳು. "ಮೊದಲು ದೇವರ ಮುಂದೆ ಪರೀಕ್ಷೆಗೆ ಕೂತ ಹಾಗೆ ಕೂರ್ತಿದ್ದೆ ಸಾರ್. ಈಗ ಸುಮ್ಮನೆ ಕೂರ್ತೀನಿ" ಎಂದಳು. ಅರ್ಚಕರು ಇಬ್ಬರಿಗೂ ಪ್ರಸಾದ ಕೊಟ್ಟರು.

ತಂದೆ ತಾಯಂದಿರ ಗಮನಕ್ಕೆ

* ನಿದ್ದೆ, ಊಟ, ಓದು, ಸ್ನೇಹಿತರೊಡನೆ ಒಡನಾಟ, ಇವುಗಳಲ್ಲಿ ಎರಡು ವಾರಕ್ಕೂ ಮೀರಿ ಏರುಪೇರು ಕಂಡರೆ ವೈದ್ಯರನ್ನು ಕಾಣಿ. ಪೂಜೆ, ಹರಕೆ ಬಿಡಬೇಕಾಗಿಲ್ಲ. ಅವು ಮುಗಿಯಲೆಂದು ಚಿಕಿತ್ಸೆಯನ್ನು ಮುಂದೂಡಬೇಡಿ.

* ಗುಳಿಗೆ ನಿಲ್ಲಿಸಿ ಎನ್ನುವವರು, ಹೊಡೆಯುವವರು, ಹೆಚ್ಚು ಹಣ ಕೇಳುವವರು, ಮಗುವನ್ನು ನಿಮ್ಮಿಂದ ಬೇರೆಯಾಗಿ ಇರಿಸಿಕೊಳ್ಳುವವರು ಯಾವ ಧರ್ಮದವರೇ ಆಗಿರಲಿ, ಅಲ್ಲಿಂದ ಎದ್ದು ಬನ್ನಿ.

* ಬದುಕಿರಬಾರದು ಎಂಬ ಮಾತು ಮಗುವಿನ ಬಾಯಲ್ಲಿ ಬಂದರೆ ಪಾಪವೆಂದು ಬೈಯಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಂಟಿಯಾಗಿ ಬಿಡದೆ ಅಂದೇ ವೈದ್ಯರಿಗೆ ತೋರಿಸಿ ಅಥವಾ 14416ಕ್ಕೆ ಕರೆ ಮಾಡಿ.

* ವಿದ್ಯಾರ್ಥಿಗಳೇ, ಮನೆಯಲ್ಲಿ ಹೇಳಲಾಗದಿದ್ದರೆ ನಿಮಗೆ ಹಿಡಿಸಿದ ಒಬ್ಬ ಮೇಷ್ಟರಿಗೆ ಹೇಳಿ. ಸಹಾಯ ಕೇಳಿದರೆ ಭಕ್ತಿಗೂ ಕುಂದಿಲ್ಲ, ಧೈರ್ಯಕ್ಕೂ ಕುಂದಿಲ್ಲ.